ಫಾಯಿಲ್ ಹರಿದ ದಿನದಿಂದ ಲೆಕ್ಕ: ಕೊಡಾಕ್ ಫನ್‌ಸೇವರ್, ಫ್ಯೂಜಿಫಿಲ್ಮ್ ಕ್ವಿಕ್‌ಸ್ನ್ಯಾಪ್ ಎಷ್ಟು ದಿನ ಬಾಳುತ್ತವೆ?

ಒಮ್ಮೆ ಬಳಸಿ ಲ್ಯಾಬ್‌ಗೆ ಒಪ್ಪಿಸುವ ಫಿಲ್ಮ್ ಕ್ಯಾಮೆರಾ ಕೊಳ್ಳುವವರು ಮೊದಲು ಕೇಳುವುದು ಬೆಲೆ, ಆಮೇಲೆ ಎಷ್ಟು ಫೋಟೊ ಬರುತ್ತೆ ಎಂದು. ಪೆಟ್ಟಿಗೆ ತಿರುಗಿಸಿ ತಾರೀಖು ನೋಡುವವರು ಕಡಿಮೆ. ನೋಡಿದವರೂ ಅದನ್ನು ಬ್ರೆಡ್ ಪೊಟ್ಟಣದ ಮೇಲಿನ ತಾರೀಖಿನಂತೆ ಓದುತ್ತಾರೆ: ಅದರೊಳಗಿದ್ದರೆ ಸರಿ, ದಾಟಿದರೆ ಕಸದ ಬುಟ್ಟಿ. ಎರಡೂ ಪೂರ್ತಿ ನಿಜವಲ್ಲ. ತಾರೀಖು ದಾಟಿ ಎರಡು ವರ್ಷವಾದರೂ ತಣ್ಣಗೆ, ಸೀಲ್ ಒಡೆಯದೆ ಇದ್ದ ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಾರೀಖಿಗೆ ಇನ್ನೂ ಒಂದು ವರ್ಷವಿದ್ದರೂ ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ನಾಲ್ಕು ದಿನ ಬಿದ್ದಿದ್ದ ಕ್ಯಾಮೆರಾ ಕೈಕೊಡುತ್ತದೆ.

ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿರುವುದು ಹೆಚ್ಚು ಬಳಕೆಯಲ್ಲಿರುವ ಎರಡು ಮಾದರಿ: ಕೊಡಾಕ್ ಫನ್‌ಸೇವರ್ ಮತ್ತು ಫ್ಯೂಜಿಫಿಲ್ಮ್ ಕ್ವಿಕ್‌ಸ್ನ್ಯಾಪ್ ಫ್ಲ್ಯಾಶ್ 400. ಫ್ಯೂಜಿ 1986ರಲ್ಲಿ ಜಪಾನಿನಲ್ಲಿ ‘ಉತ್ಸುರುನ್-ದೆಸು’ ಎಂಬ ಹೆಸರಿನಲ್ಲಿ ಈ ಬಗೆಯ ಕ್ಯಾಮೆರಾ ಬಿಟ್ಟಿತು. ಮರುವರ್ಷ ಕೊಡಾಕ್ ‘ಫ್ಲಿಂಗ್’ ತಂದಿತು. ಎಸೆಯುವುದು ಎಂಬ ಅರ್ಥದ ಆ ಹೆಸರು ಉಳಿಯಲಿಲ್ಲ, ಫನ್‌ಸೇವರ್ ಉಳಿಯಿತು. ಚಿತ್ರ ಹೇಗೆ ಬರುತ್ತೆ ಅನ್ನುವ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ. ಇಲ್ಲಿ ಬಾಳಿಕೆ ಮತ್ತು ಜೋಪಾನದ ಮಾತು.

ಒಳಗೆ ಏನಿದೆ

ಎರಡರಲ್ಲೂ 35 ಮಿಲಿಮೀಟರ್ ಫಿಲ್ಮ್, 27 ಫೋಟೊ. (ಫನ್‌ಸೇವರ್‌ನಲ್ಲಿ 39 ಫೋಟೊದ ಮಾದರಿಯೂ ಇದೆ.) ಫನ್‌ಸೇವರ್‌ನಲ್ಲಿ 800 ಐಎಸ್‌ಒ ಫಿಲ್ಮ್, 30 ಮಿಲಿಮೀಟರ್ ಪ್ಲಾಸ್ಟಿಕ್ ಲೆನ್ಸ್, ಎಫ್/10, ಶಟರ್ ಸೆಕೆಂಡಿನ 1/100. ಕ್ವಿಕ್‌ಸ್ನ್ಯಾಪ್‌ನಲ್ಲಿ 400 ಐಎಸ್‌ಒ, 32 ಮಿಲಿಮೀಟರ್, ಅದೇ ಎಫ್/10, ಶಟರ್ 1/140. ಐಎಸ್‌ಒ ಎಂದರೆ ಫಿಲ್ಮಿನ ವೇಗ, ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ಎಫ್ ಅಂಕಿ ಬೆಳಕು ಬರುವ ಕಿಂಡಿಯ ಅಳತೆ, ಹೆಚ್ಚಿದಷ್ಟೂ ಕಿಂಡಿ ಚಿಕ್ಕದು. ಶಟರ್ ಅಂಕಿ ಕಿಂಡಿ ತೆರೆದಿರುವ ಹೊತ್ತು. ಯಾವುದನ್ನೂ ಬದಲಿಸಲು ಬರುವುದಿಲ್ಲ. ಬಿಸಿಲಿರಲಿ, ಮೋಡವಿರಲಿ, ಕ್ಯಾಮೆರಾ ಒಂದೇ ಅಳತೆಯ ಕಿಂಡಿಯನ್ನು ಒಂದೇ ಹೊತ್ತು ತೆರೆಯುತ್ತದೆ. ಹಳೆಯ ಕ್ಯಾಮೆರಾ ಬಳಸಬಹುದೋ ಬಾರದೋ ಎನ್ನುವ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲೇ ಇದೆ. ಮುಂದೆ ಅದಕ್ಕೆ ಬರೋಣ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಾಮೂಲಿ ಕ್ಯಾಮೆರಾದಲ್ಲಿ ರೀಲು ಡಬ್ಬಿಯಿಂದ ಹೊರಗೆ ಬರುತ್ತಾ ಹೋಗುತ್ತದೆ, ಮುಗಿದ ಮೇಲೆ ಹಿಂದಕ್ಕೆ ಸುತ್ತಬೇಕು. ಇವುಗಳಲ್ಲಿ ಉಲ್ಟಾ. ಕಾರ್ಖಾನೆಯಲ್ಲೇ ಪೂರ್ತಿ ರೀಲನ್ನು ಹೊರಗೆಳೆದು ಇನ್ನೊಂದು ಬದಿಯಲ್ಲಿ ಸುತ್ತಿಟ್ಟಿರುತ್ತಾರೆ. ನೀವು ಹೆಬ್ಬೆರಳಿನಿಂದ ಚಕ್ರ ತಿರುಗಿಸಿದಾಗಲೆಲ್ಲ ತೆಗೆದ ಫೋಟೊ ಡಬ್ಬಿಯ ಒಳಗೆ ಹೋಗುತ್ತದೆ. ಹಾಗಾಗಿ 15 ಫೋಟೊ ಆದ ಮೇಲೆ ಕ್ಯಾಮೆರಾ ಬಿದ್ದು ಹಿಂಬದಿ ಬಿಟ್ಟುಕೊಂಡರೆ ಹಾಳಾಗುವುದು ಮುಖ್ಯವಾಗಿ ಇನ್ನೂ ತೆಗೆಯದ 12. ತೆಗೆದವು ಡಬ್ಬಿಯಲ್ಲಿ ಕ್ಷೇಮ. ಕೊನೆಯದಾಗಿ ತೆಗೆದು ಇನ್ನೂ ಚಕ್ರ ತಿರುಗಿಸದ ಒಂದು ಫೋಟೊ, ಡಬ್ಬಿಯ ಬಾಯಿ ಬಳಿ ಇರುವ ಒಂದೆರಡು ಫೋಟೊ ಹೋಗಬಹುದು. ಕ್ಯಾಮೆರಾ ಬಿದ್ದ ಕೂಡಲೇ ಅದನ್ನು ದಪ್ಪ ಕಪ್ಪು ಬಟ್ಟೆಯಲ್ಲಿ ಸುತ್ತಿ, ಹಾಗೇ ಲ್ಯಾಬ್‌ಗೆ ಕೊಡಿ. ‘ಎಲ್ಲ ಹೋಯ್ತು’ ಎಂದು ಎಸೆಯಬೇಡಿ.

ತಾರೀಖು ಹೇಳುವುದೇನು

ಪೆಟ್ಟಿಗೆಯ ಮೇಲೆ ಮತ್ತು ಕ್ಯಾಮೆರಾದ ರಟ್ಟಿನ ಹೊದಿಕೆಯ ಮೇಲೆ ತಿಂಗಳು-ವರ್ಷ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ತಯಾರಾದ ದಿನದಿಂದ ಎರಡು-ಮೂರು ವರ್ಷ ಮುಂದಿನದು. ಕೊಡಾಕ್‌ನ ಮಾತಿನಲ್ಲಿ ಅದು ‘ಇಷ್ಟರೊಳಗೆ ಡೆವಲಪ್ ಮಾಡಿಸಿ’ ಎನ್ನುವ ತಾರೀಖು. ಫೋಟೊ ತೆಗೆಯಲು ಕೊನೆಯ ದಿನ ಅಲ್ಲ, ರೀಲು ತೊಳೆಸಲು ಕೊನೆಯ ದಿನ. ಸೆಪ್ಟೆಂಬರ್ ಎಂದಿದ್ದರೆ ಆಗಸ್ಟಿನಲ್ಲೇ ಫೋಟೊ ತೆಗೆದು ಮುಗಿಸಿ ಲ್ಯಾಬ್ ತಲುಪಿಸಿರಬೇಕು ಎಂದರ್ಥ. ಊರಿನ ಸ್ಟುಡಿಯೊದಲ್ಲಿ ರೀಲು ತೊಳೆಯುವ ಯಂತ್ರ ಎತ್ತಿಬಿಟ್ಟಿರುವ ಕಾಲ ಇದು. ಬೆಂಗಳೂರಿಗೋ ಮುಂಬೈಗೋ ಕೊರಿಯರ್ ಮಾಡಬೇಕಾದವರು ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ತಾರೀಖು ಹಾಕುವಾಗ ಕಂಪನಿ ಒಂದು ಷರತ್ತು ಇಟ್ಟುಕೊಂಡಿರುತ್ತದೆ: ಫಿಲ್ಮ್ ಮೂಲ ಪೊಟ್ಟಣದಲ್ಲಿ, ಸೀಲ್ ಒಡೆಯದೆ, 21 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಾಪಮಾನದಲ್ಲಿ ಇರಬೇಕು. ನಮ್ಮಲ್ಲಿ 21 ಡಿಗ್ರಿ ಎಲ್ಲಿದೆ? ಬೆಂಗಳೂರಿನ ಡಿಸೆಂಬರ್ ರಾತ್ರಿ, ಮಡಿಕೇರಿಯ ಮಳೆಗಾಲ ಬಿಟ್ಟರೆ ಇಲ್ಲ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ. ತಾರಸಿಯ ಕೆಳಗಿನ ಕೋಣೆಯ ಅಲ್ಮೆರಾ ರಾತ್ರಿಯೂ ತಣ್ಣಗಾಗುವುದಿಲ್ಲ. ಅಲ್ಲಿ ಒಂದು ಬೇಸಿಗೆ ಕಳೆದ ಕ್ಯಾಮೆರಾಕ್ಕೆ ಪೆಟ್ಟಿಗೆಯ ಮೇಲಿನ ತಾರೀಖನ್ನು ನಂಬಿ ಕೂರಬಾರದು.

ಫಿಲ್ಮ್ ಹಳತಾಗುವುದೆಂದರೆ ಮೂರು ಬದಲಾವಣೆ ಒಟ್ಟಿಗೆ ಆಗುವುದು. ಬೆಳಕಿಗೆ ಸ್ಪಂದಿಸುವ ಶಕ್ತಿ ಇಳಿಯುತ್ತದೆ. ಬೆಳಕೇ ಬೀಳದ ಕಡೆಯೂ ನೆಗೆಟಿವ್ ಮೇಲೆ ಮಂಕು ಕೂರುತ್ತದೆ, ಇದನ್ನು ಫಾಗ್ ಎನ್ನುತ್ತಾರೆ. ಕೆಂಪು, ಹಸಿರು, ನೀಲಿ ಬೆಳಕನ್ನು ಹಿಡಿಯುವ ಪದರಗಳು ಒಂದೇ ವೇಗದಲ್ಲಿ ಹಳತಾಗುವುದಿಲ್ಲವಾದ್ದರಿಂದ ಬಣ್ಣ ಒಂದು ಕಡೆ ವಾಲುತ್ತದೆ: ನೆರಳಿನ ಭಾಗ ಹಸಿರಿಗೋ ನೇರಳೆಗೋ ತಿರುಗುತ್ತದೆ, ಕಪ್ಪು ಕೂದಲು ಕಂದು ಬೂದಿಯಂತೆ ಕಾಣುತ್ತದೆ. ವೇಗದ, ಅಂದರೆ ಐಎಸ್‌ಒ ಹೆಚ್ಚಿರುವ ಫಿಲ್ಮ್ ಬೇಗ ಹಳತಾಗುತ್ತದೆ. 800ಕ್ಕೆ ಫಾಗ್ ಬೇಗ, 400ಕ್ಕೆ ನಿಧಾನ. ಬಿಸಿಯಷ್ಟೇ ಇದಕ್ಕೆ ಕಾರಣವಲ್ಲ. ನಮ್ಮ ಸುತ್ತ ಸದಾ ಇರುವ ನೈಸರ್ಗಿಕ ವಿಕಿರಣವೂ ವೇಗದ ಫಿಲ್ಮನ್ನು ಹೆಚ್ಚು ಕೆಡಿಸುತ್ತದೆ. ಅದನ್ನು ಫ್ರಿಜ್ ತಡೆಯಲಾರದು. ಹಾಗಾಗಿ ಕೂಡಿಟ್ಟು ಮುಂದೆ ಬಳಸುವ ಯೋಚನೆ ಇದ್ದವರು ಫನ್‌ಸೇವರ್ ಕೊಳ್ಳಬಾರದು, ಕ್ವಿಕ್‌ಸ್ನ್ಯಾಪ್ ಕೊಳ್ಳಬೇಕು. ಕಪ್ಪು-ಬಿಳುಪು ಆಗುತ್ತದೆ ಎನ್ನುವವರಿಗೆ ಇದೇ ಬಗೆಯ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಕ್ಯಾಮೆರಾ ಇನ್ನೂ ಒಳ್ಳೆಯದು. ಅದರಲ್ಲಿ ವಾಲಲು ಬಣ್ಣವೇ ಇಲ್ಲ.

ತಾರೀಖು ದಾಟಿದ ಕ್ಯಾಮೆರಾದ ಗಣಿತ

ಮಾಮೂಲಿ ಕ್ಯಾಮೆರಾ ಇದ್ದವರು ಹಳೆಯ ರೀಲಿಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡುತ್ತಾರೆ, ಅಂದರೆ ಎರಡು ಪಟ್ಟು. ಇದು ತಣ್ಣನೆಯ ದೇಶದವರ ಅಂದಾಜು. ನಮ್ಮ ಬೇಸಿಗೆ ಕಂಡ ಫಿಲ್ಮಿಗೆ ಐದು ವರ್ಷಕ್ಕೇ ಒಂದು ಸ್ಟಾಪ್ ಎಂದು ಹಿಡಿಯುವುದು ಕ್ಷೇಮ. ಆದರೆ ಇಲ್ಲಿ ಬೆಳಕು ಹೆಚ್ಚಿಸುವ ತಿರುಗಣೆಯೇ ಇಲ್ಲವಲ್ಲ, ಏನು ಮಾಡುವುದು?

ಮೇಲಿನ ಅಂಕಿಗಳಿಗೆ ಬರೋಣ. ನೆತ್ತಿ ಬಿಸಿಲಿನಲ್ಲಿ 800 ಐಎಸ್‌ಒ ಫಿಲ್ಮಿಗೆ ಎಫ್/16ರಲ್ಲಿ ಸೆಕೆಂಡಿನ 1/800 ಸಾಕು. ಫನ್‌ಸೇವರ್ ಎಫ್/10ರಲ್ಲಿ 1/100 ಕೊಡುತ್ತದೆ. ಲೆಕ್ಕ ಹಾಕಿದರೆ ಬೇಕಾದ್ದಕ್ಕಿಂತ ಸುಮಾರು 20 ಪಟ್ಟು ಬೆಳಕು! ಕ್ವಿಕ್‌ಸ್ನ್ಯಾಪ್ ಸುಮಾರು 7 ಪಟ್ಟು ಕೊಡುತ್ತದೆ. ಬಣ್ಣದ ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆ ಬೆಳಕನ್ನು ತಡೆಯುವುದಿಲ್ಲ. ಈ ಕ್ಯಾಮೆರಾಗಳ ಒಟ್ಟು ವಿನ್ಯಾಸ ನಿಂತಿರುವುದೇ ಈ ಗುಣದ ಮೇಲೆ. ಹಾಗಾಗಿ ಹತ್ತು ವರ್ಷದಲ್ಲಿ ಅರ್ಧ ಶಕ್ತಿ ಕಳೆದುಕೊಂಡ ಫನ್‌ಸೇವರ್‌ಗೂ ಹಂಪಿಯ ಬಿಸಿಲಿನಲ್ಲಿ 10 ಪಟ್ಟು ಬೆಳಕು ಉಳಿದಿರುತ್ತದೆ. ಚಿತ್ರ ಬಂದೇ ಬರುತ್ತದೆ, ಬಣ್ಣ ವಾಲಿರಬಹುದು ಅಷ್ಟೆ.

ನೆರಳಿಗೆ ಬನ್ನಿ. ಮರದ ಕೆಳಗೆ, ಕಟ್ಟಡದ ಪಕ್ಕದ ತೆರೆದ ನೆರಳಿನಲ್ಲಿ ಬೆಳಕು ಬಿಸಿಲಿನ ಎಂಟನೇ ಒಂದು ಪಾಲು. ಹೊಸ ಫನ್‌ಸೇವರ್‌ಗೆ ಅಲ್ಲಿ ಎರಡೂವರೆ ಪಟ್ಟು ಬೆಳಕು, ಹೊಸ ಕ್ವಿಕ್‌ಸ್ನ್ಯಾಪ್‌ಗೆ ಸರಿಸುಮಾರು ಬೇಕಾದಷ್ಟೇ. ಅಂದರೆ ತಾರೀಖು ಹಳತಾದ ಕ್ವಿಕ್‌ಸ್ನ್ಯಾಪ್ ನೆರಳಿನಲ್ಲೇ ಸೋಲುತ್ತದೆ. 400ರ ಫಿಲ್ಮ್ ನಿಧಾನಕ್ಕೆ ಹಳತಾಗುತ್ತದೆ ನಿಜ, ಆದರೆ ಆ ಕ್ಯಾಮೆರಾದ ಕೈಯಲ್ಲಿ ಉಳಿತಾಯ ಕಡಿಮೆ. 800ರದ್ದು ಬೇಗ ಹಳತಾಗುತ್ತದೆ, ಆದರೆ ಗಂಟು ದೊಡ್ಡದು. ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕು ಇವೆರಡಕ್ಕೂ ಎಟುಕುವುದಿಲ್ಲ, ಹೊಸದಿದ್ದರೂ ಎಟುಕುವುದಿಲ್ಲ. ಅಲ್ಲಿ ಫ್ಲ್ಯಾಶ್ ಹಾಕಲೇಬೇಕು.

ಫ್ಲ್ಯಾಶ್‌ನ ದೂರವೂ ವಯಸ್ಸಿನೊಂದಿಗೆ ಕುಗ್ಗುತ್ತದೆ. ಫನ್‌ಸೇವರ್ ಫ್ಲ್ಯಾಶ್ 1.2ರಿಂದ 3.5 ಮೀಟರ್, ಕ್ವಿಕ್‌ಸ್ನ್ಯಾಪ್‌ನದು 1ರಿಂದ 3 ಮೀಟರ್. ಫಿಲ್ಮ್ ಒಂದು ಸ್ಟಾಪ್ ಕಳೆದುಕೊಂಡಿದ್ದರೆ 3.5 ಇದ್ದದ್ದು ಎರಡೂವರೆ ಮೀಟರ್ ಆಗುತ್ತದೆ, 3 ಇದ್ದದ್ದು ಎರಡಕ್ಕೆ ಇಳಿಯುತ್ತದೆ. ಕಲ್ಯಾಣ ಮಂಟಪದಲ್ಲಿ ಮೊದಲ ಸಾಲಿನ ಕುರ್ಚಿಯಿಂದ ವೇದಿಕೆ ಅದಕ್ಕಿಂತ ದೂರ ಇರುತ್ತದೆ. ಧಾರೆಯ ಫೋಟೊ ಬೇಕಿದ್ದರೆ ವೇದಿಕೆ ಹತ್ತಿ, ಎರಡು ಹೆಜ್ಜೆ ದೂರದಲ್ಲಿ ನಿಂತು ತೆಗೆಯಬೇಕು. ಮೈಸೂರು ದಸರಾದ ದೀಪಾಲಂಕಾರಕ್ಕೆ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಮುಂದೆ ನಿಂತವರ ತಲೆ ಬೆಳ್ಳಗೆ ಬರುತ್ತದೆ, ಅರಮನೆ ಚುಕ್ಕಿಯಾಗುತ್ತದೆ.

ಹಳೆಯ ಕ್ಯಾಮೆರಾ ಕೊಟ್ಟು ಲ್ಯಾಬ್‌ನವರಿಗೆ ‘ಪುಶ್ ಮಾಡಿ’ ಎನ್ನುವವರಿದ್ದಾರೆ. ಪುಶ್ ಎಂದರೆ ಚಿತ್ರ ಮೂಡಿಸುವ ರಾಸಾಯನಿಕವಾದ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು. ಬಣ್ಣದ ಫಿಲ್ಮಿಗೆ ಬಳಸುವ ಸಿ-41 ಕ್ರಮದಲ್ಲಿ ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್. ಅದನ್ನು ಹೆಚ್ಚಿಸಿದರೆ ಚಿತ್ರದ ಜತೆ ಫಾಗ್ ಕೂಡ ದಟ್ಟವಾಗುತ್ತದೆ, ಬಣ್ಣ ಇನ್ನಷ್ಟು ಕೆಡುತ್ತದೆ. ಬೇಡ. ಮಾಮೂಲಿಯಾಗಿ ತೊಳೆಸಿ, ಸ್ಕ್ಯಾನ್ ಮಾಡುವಾಗ ಸರಿಪಡಿಸಿಕೊಳ್ಳಿ.

ಕೊಳ್ಳುವಾಗ ಇದನ್ನೆಲ್ಲ ಹೀಗೆ ಬಳಸಿಕೊಳ್ಳಬಹುದು: ತಾರೀಖು ದಾಟಿ ಒಂದು ವರ್ಷದೊಳಗಿದ್ದು, ಅಂಗಡಿಯವರು ಎಸಿಯಲ್ಲೋ ಫ್ರಿಜ್ಜಿನಲ್ಲೋ ಇಟ್ಟಿದ್ದರೆ, ಬೆಲೆ ಇಳಿಸಿ ಕೊಟ್ಟರೆ ಧೈರ್ಯವಾಗಿ ತೆಗೆದುಕೊಳ್ಳಿ. ಐದು ವರ್ಷ ದಾಟಿದ್ದನ್ನು ಬಿಸಿಲಿಗೆ ಮಾತ್ರ, ಪ್ರಯೋಗಕ್ಕೆ ಮಾತ್ರ. ಮದುವೆ, ನಾಮಕರಣ, ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ, ಇಂಥ ಮತ್ತೆ ಸಿಗದ ದಿನಕ್ಕೆ ತಾರೀಖು ದಾಟಿದ್ದನ್ನು ಒಯ್ಯಲೇಬೇಡಿ.

ಫಾಯಿಲ್ ಹರಿದ ಮೇಲೆ

ಎರಡೂ ಕ್ಯಾಮೆರಾ ಫಾಯಿಲ್ ಪೊಟ್ಟಣದಲ್ಲಿ ಬರುತ್ತವೆ. ಅದು ಬರೀ ಅಂದಕ್ಕಲ್ಲ. ಕಾರ್ಖಾನೆಯ ಒಣ ಗಾಳಿಯನ್ನು ಒಳಗೇ ಹಿಡಿದಿಡುವ ಗೋಡೆ ಅದು. ಹರಿದ ಕ್ಷಣದಿಂದ ಊರಿನ ಗಾಳಿ ಒಳಗೆ ಹೋಗುತ್ತದೆ. ಕ್ಯಾಮೆರಾದ ಮೈ ಬೆಳಕನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಮಂಗಳೂರು, ಕುಂದಾಪುರ, ಕಾರವಾರದ ಜೂನ್-ಜುಲೈನಲ್ಲಿ ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುವಾಗ ಫಿಲ್ಮ್ ಮೇಲಿನ ಜೆಲಟಿನ್ ಬಿಟ್ಟೀತೇ? ಅದು ಪ್ರಾಣಿಯ ಮೂಳೆ-ಚರ್ಮದಿಂದ ತೆಗೆದ ಪದಾರ್ಥ, ಬೂಷ್ಟಿಗೆ ಒಳ್ಳೆಯ ಆಹಾರ. ನೆಗೆಟಿವ್ ಮೇಲೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಇದೇ.

ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ಬೆಳಕು ಬಿದ್ದ, ಇನ್ನೂ ತೊಳೆಯದ ಫಿಲ್ಮ್ ಖಾಲಿ ಫಿಲ್ಮಿಗಿಂತ ನಾಜೂಕು. ಕ್ಲಿಕ್ ಮಾಡಿದಾಗ ಫಿಲ್ಮ್ ಮೇಲೆ ಆಗುವುದು ಬಹಳ ಸಣ್ಣ ಬದಲಾವಣೆ: ಬೆಳ್ಳಿಯ ಲವಣದ ಹರಳಿನ ಮೇಲೆ ಕೆಲವೇ ಬೆಳ್ಳಿ ಪರಮಾಣುಗಳ ಚುಕ್ಕಿ. ಡೆವಲಪರ್ ಆ ಚುಕ್ಕಿಯನ್ನು ದೊಡ್ಡದು ಮಾಡುತ್ತದೆ. ಅಲ್ಲಿಯವರೆಗೆ ಬಿಸಿ, ತೇವ, ಆಮ್ಲಜನಕ ಮೂರೂ ಸೇರಿ ಚುಕ್ಕಿಯನ್ನು ಕರಗಿಸುತ್ತಿರುತ್ತವೆ. ಮೊದಲು ಹೋಗುವುದು ನೆರಳಿನ ವಿವರ: ಸೀರೆಯ ಮಡಿಕೆ, ಹುಬ್ಬಿನ ಕೆಳಗಿನ ಕಣ್ಣು. ಅದಕ್ಕೇ ಅರ್ಧ ರೀಲು ತೆಗೆದು ‘ಮುಂದಿನ ಪ್ರವಾಸಕ್ಕೆ ಉಳಿದದ್ದು’ ಎಂದು ಡ್ರಾಯರ್‌ಗೆ ಹಾಕುವುದು ಈ ಕ್ಯಾಮೆರಾಗಳಿಗೆ ನಾವು ಮಾಡುವ ಅತಿ ದೊಡ್ಡ ಅನ್ಯಾಯ. ಫಾಯಿಲ್ ಹರಿದ ಮೇಲೆ ಒಳನಾಡಿನಲ್ಲಿ ಎರಡು ತಿಂಗಳು, ಕರಾವಳಿ-ಮಲೆನಾಡಿನ ಮಳೆಗಾಲದಲ್ಲಿ ಮೂರು ವಾರ, ಇಷ್ಟರೊಳಗೆ 27ನ್ನೂ ಮುಗಿಸಿ ಲ್ಯಾಬ್‌ಗೆ ಕೊಡಿ. ಇದು ನಮ್ಮ ಗಡುವು, ಕಂಪನಿಯದಲ್ಲ. ಆದರೆ ಪೆಟ್ಟಿಗೆಯ ತಾರೀಖಿಗಿಂತ ಇದು ಹೆಚ್ಚು ಮುಖ್ಯ.

ಸೀಲ್ ಒಡೆಯದ ಕ್ಯಾಮೆರಾವನ್ನು ಇಡುವ ಜಾಗ ಫ್ರಿಜ್ಜು, ಫ್ರೀಜರ್ ಅಲ್ಲ. ಒಳಗೆ ಬ್ಯಾಟರಿ, ಪ್ಲಾಸ್ಟಿಕ್ ಹಲ್ಲುಗಾಲಿ, ಸಣ್ಣ ಸ್ಪ್ರಿಂಗ್‌ಗಳಿವೆ, ಅವನ್ನು ಮಂಜುಗಟ್ಟಿಸುವುದು ಬೇಡ. ಫಾಯಿಲ್ ಸಮೇತ ಒಂದು ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು, ತರಕಾರಿ ಡಬ್ಬದಿಂದ ದೂರದ ತಟ್ಟಿನಲ್ಲಿ ಇಡಿ. ಹೊರಗೆ ತೆಗೆದ ಕೂಡಲೇ ಬಿಚ್ಚಬಾರದು. ತಣ್ಣನೆಯ ಲೋಟಕ್ಕೆ ಹನಿ ಕಟ್ಟುವಂತೆ ಫಿಲ್ಮ್ ಮೇಲೂ ಲೆನ್ಸ್ ಒಳಗೂ ಹನಿ ಕಟ್ಟುತ್ತದೆ. ಬರೀ ರೀಲಿಗೆ ಒಂದೂವರೆ ಗಂಟೆ ಸಾಕು. ಕ್ಯಾಮೆರಾದ ಒಳಗೆ ಗಾಳಿ ಇರುವುದರಿಂದ ಕನಿಷ್ಠ ಮೂರು ಗಂಟೆ ಬಿಡಿ. ರಾತ್ರಿ ಮಲಗುವಾಗ ಹೊರಗಿಟ್ಟು ಬೆಳಗ್ಗೆ ಬಿಚ್ಚುವುದು ಸುಲಭ.

ಬಿಚ್ಚಿದ ಕ್ಯಾಮೆರಾವನ್ನು ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತುಂಬಿದೆ ಎಂದರ್ಥ, ಬದಲಿಸಿ. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಬೇಡ, ಅಕ್ಕಿಯ ಹಿಟ್ಟು ಚಕ್ರದ ಸಂದಿಗೆ ಹೋಗುತ್ತದೆ. ಡಾಂಬರು ಗುಳಿಗೆ ಹಾಕಿದ ಬಟ್ಟೆ ಅಲ್ಮೆರಾ ಅಂತೂ ಬೇಡವೇ ಬೇಡ. ಆ ಹೊಗೆಯೂ, ಹೊಸ ಬಣ್ಣ, ಹೊಸ ಪ್ಲೈವುಡ್‌ನಿಂದ ಬರುವ ಘಾಟೂ ಫಿಲ್ಮಿಗೆ ಹಾನಿ. ಮದುವೆ ಸೀರೆ ಜತೆ ಕ್ಯಾಮೆರಾವನ್ನೂ ಭದ್ರವಾಗಿ ಎತ್ತಿಡುವ ಮನೆಗಳಲ್ಲಿ ಇದನ್ನು ಗಮನಿಸಬೇಕು.

ಬ್ಯಾಟರಿ, ಚಕ್ರ, ಲೆನ್ಸ್

ಫ್ಲ್ಯಾಶ್‌ಗೆ 1.5 ವೋಲ್ಟ್‌ನ ಒಂದೇ ಆಲ್ಕಲೈನ್ ಸೆಲ್. ತಣ್ಣಗಿದ್ದರೆ ಅದು ಫಿಲ್ಮಿನಷ್ಟೇ ಬಾಳುತ್ತದೆ. ಪರೀಕ್ಷಿಸುವುದು ಕಿವಿಯಿಂದ: ಫ್ಲ್ಯಾಶ್ ಗುಂಡಿ ಹಾಕಿದಾಗ ಸೊಳ್ಳೆಯ ಗುಂಯ್‌ಗಿಂತ ತೆಳ್ಳಗಿನ ಒಂದು ಸದ್ದು ಶುರುವಾಗಿ, ಏರುತ್ತಾ ಹೋಗಿ, ದೀಪ ಹೊತ್ತಿಕೊಳ್ಳಬೇಕು. ಹತ್ತು-ಹದಿನೈದು ಸೆಕೆಂಡಿನಲ್ಲಿ ಹೊತ್ತಿದರೆ ಸೆಲ್ ಚೆನ್ನಾಗಿದೆ. ಅರ್ಧ ನಿಮಿಷ ದಾಟಿದರೆ ದಣಿದಿದೆ. ದೀಪ ಹೊತ್ತಿದ ಮೇಲೂ ಎರಡು ಸೆಕೆಂಡ್ ತಡೆದು ತೆಗೆದರೆ ಫ್ಲ್ಯಾಶ್‌ಗೆ ಪೂರ್ತಿ ಬಲ ಬರುತ್ತದೆ. ಕ್ವಿಕ್‌ಸ್ನ್ಯಾಪ್‌ನಲ್ಲಿ ಮುಂಭಾಗದ ಗುಂಡಿಯನ್ನು ಮೇಲಕ್ಕೆ ಜಾರಿಸಿದರೆ ಅದು ಹಾಗೇ ನಿಲ್ಲುತ್ತದೆ, ಮೇಲೆ ಸಣ್ಣ ಕಡ್ಡಿಯೊಂದು ಎದ್ದು ಹೊಳೆಯುತ್ತದೆ. ಕೆಳಗಿಳಿಸಲು ಮರೆತು ಬ್ಯಾಗಿಗೆ ಹಾಕಿದರೆ ಸೆಲ್ ಸುಮ್ಮನೆ ಖರ್ಚಾಗುತ್ತಿರುತ್ತದೆ. ಕಡ್ಡಿ ಎದ್ದಿದೆಯೇ ಎಂದು ಬೆರಳಿಂದ ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಸೆಲ್ ಸತ್ತರೆ ಬಿಚ್ಚಿ ಬದಲಿಸಲು ಹೋಗಬೇಡಿ. ಒಳಗಿನ ಕೆಪಾಸಿಟರ್ ಸುಮಾರು 300 ವೋಲ್ಟ್‌ವರೆಗೆ ತುಂಬಿಕೊಂಡಿರುತ್ತದೆ, ಸೆಲ್ ಸತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರ್ ತಾಗಿದರೆ ಕಿಡಿ, ಬೆರಳು ತಾಗಿದರೆ ಜೋರಾದ ಹೊಡೆತ. ಮಕ್ಕಳ ಕೈಗೆ ಖಾಲಿ ಕ್ಯಾಮೆರಾ ಆಟಕ್ಕೆ ಕೊಡುವುದೂ ಇದೇ ಕಾರಣಕ್ಕೆ ತಪ್ಪು. ಫ್ಲ್ಯಾಶ್ ಇಲ್ಲದಿದ್ದರೂ ಬಿಸಿಲಿನಲ್ಲಿ ಕ್ಯಾಮೆರಾ ಪೂರ್ತಿ ಕೆಲಸ ಮಾಡುತ್ತದೆ. ಶಟರ್‌ಗೆ ಬ್ಯಾಟರಿ ಬೇಡ, ಅದು ಸ್ಪ್ರಿಂಗ್‌ನಿಂದ ನಡೆಯುವುದು.

ಚಕ್ರ ನಿಲ್ಲುವವರೆಗೆ ತಿರುಗಿಸಬೇಕು. ಫಿಲ್ಮಿನ ಅಂಚಿನ ತೂತುಗಳು ಒಳಗಿನ ಹಲ್ಲುಗಾಲಿಯನ್ನು ತಿರುಗಿಸಿ ಶಟರ್ ಎಳೆದು ಕೂರಿಸುತ್ತವೆ. ಅರ್ಧಕ್ಕೆ ಬಿಟ್ಟರೆ ಗುಂಡಿ ಒತ್ತುವುದಿಲ್ಲ. ‘ಕ್ಯಾಮೆರಾ ಕೆಟ್ಟಿದೆ’ ಎಂಬ ದೂರುಗಳಲ್ಲಿ ಹೆಚ್ಚಿನವು ಇದೇ. ಇನ್ನೊಂದು ಮಾತು: ಫೋಟೊ ತೆಗೆದ ಕೂಡಲೇ ಚಕ್ರ ತಿರುಗಿಸಿ ಇಡಬೇಡಿ. ಮುಂದಿನ ಫೋಟೊ ತೆಗೆಯುವ ಹೊತ್ತಿಗೆ ತಿರುಗಿಸಿ. ತಿರುಗಿಸಿಟ್ಟ ಕ್ಯಾಮೆರಾದ ಗುಂಡಿ ಬ್ಯಾಗಿನಲ್ಲಿ ನೀರಿನ ಬಾಟಲಿ ತಾಗಿದರೂ ಒತ್ತಿಕೊಳ್ಳುತ್ತದೆ, ಒಂದು ಫೋಟೊ ಕತ್ತಲಿಗೆ ಹೋಗುತ್ತದೆ. ಚಕ್ರ ಬಿಗಿದು ನಿಂತರೆ, ಗುಂಡಿಯೂ ಒತ್ತದಿದ್ದರೆ, ಬಲ ಹಾಕಬೇಡಿ. ತೂತು ಹರಿದರೆ ಮುಂದಿನದೆಲ್ಲ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹಾಗೇ ಲ್ಯಾಬ್‌ಗೆ ಕೊಟ್ಟು ‘ಕತ್ತಲ ಕೋಣೆಯಲ್ಲಿ ತೆರೆಯಿರಿ’ ಎಂದು ಚೀಟಿ ಅಂಟಿಸಿ. ಎಲ್ಲ ಮುಗಿದ ಮೇಲೆ ಮಾತ್ರ ಚಕ್ರ ತಡೆಯಿಲ್ಲದೆ ಸಲೀಸಾಗಿ ತಿರುಗುವವರೆಗೆ ತಿರುಗಿಸುತ್ತಲೇ ಹೋಗಿ. ಆಗ ರೀಲಿನ ಬಾಲವೂ ಡಬ್ಬಿ ಸೇರುತ್ತದೆ.

ಲೆನ್ಸ್ ಪ್ಲಾಸ್ಟಿಕ್. ಸ್ಯಾನಿಟೈಸರ್, ಸ್ಪಿರಿಟ್ ಹಾಕಿದರೆ ಮೇಲ್ಮೈ ಸೀಳಿ ಮಬ್ಬಾಗುತ್ತದೆ. ಮೆತ್ತನೆಯ, ಒಗೆದು ಹಳತಾದ ಹತ್ತಿ ಬಟ್ಟೆಯ ತುದಿ ಸಾಕು. ಸಮುದ್ರದ ಮರಳು ಚಕ್ರಕ್ಕೆ ಹೋದರೆ ಕರಕರ ಸದ್ದು ಬರುತ್ತದೆ, ಫಿಲ್ಮಿನುದ್ದಕ್ಕೂ ಗೀರು ಬೀಳುತ್ತದೆ. ಮಲ್ಪೆಗೋ ಗೋಕರ್ಣಕ್ಕೋ ಹೊರಟವರು ನೀರಿಗಿಳಿಯುವ ಮಾದರಿಯನ್ನೇ ಕೊಳ್ಳುವುದು ಒಳ್ಳೆಯದು. ಕೊಡಾಕ್ ಸ್ಪೋರ್ಟ್ 15 ಮೀಟರ್ ಆಳದವರೆಗೆ ತಡೆಯುತ್ತದೆ. ಅದಕ್ಕೆ ಫ್ಲ್ಯಾಶ್ ಇಲ್ಲ, ಆದ್ದರಿಂದ ಸಂಜೆಗೆ ಉಪಯೋಗವಿಲ್ಲ.

ವಿಮಾನ ನಿಲ್ದಾಣ ಮತ್ತು ಲ್ಯಾಬ್

ಕ್ಯಾಮೆರಾವನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಲೇಬಾರದು. ಅಲ್ಲಿನ ಯಂತ್ರದ ಕಿರಣ ಬಲವಾದದ್ದು. ಕೈಚೀಲದ ಹಳೆಯ ಎಕ್ಸ್-ರೇ ಯಂತ್ರ ಒಂದೆರಡು ಸಲಕ್ಕೆ ಹೆಚ್ಚು ಹಾನಿ ಮಾಡುವುದಿಲ್ಲ. ಹೊಸದಾಗಿ ಬರುತ್ತಿರುವ ಸಿಟಿ ಸ್ಕ್ಯಾನರ್ ಒಂದೇ ಸಲಕ್ಕೆ ಕೆಡಿಸುತ್ತದೆ, 800ರ ಫಿಲ್ಮನ್ನು ಇನ್ನೂ ಹೆಚ್ಚು. ‘ಲ್ಯಾಪ್‌ಟಾಪ್ ಹೊರಗೆ ತೆಗೆಯಬೇಕಿಲ್ಲ’ ಎಂದು ಹೇಳುತ್ತಿದ್ದರೆ ಅದು ಸಿಟಿ ಯಂತ್ರ ಇರುವ ಸಾಧ್ಯತೆ ಹೆಚ್ಚು. ಕ್ಯಾಮೆರಾವನ್ನು ಪಾರದರ್ಶಕ ಕವರ್‌ನಲ್ಲಿ ಹಾಕಿ, ಸಾಲು ಉದ್ದವಾಗುವ ಮೊದಲೇ ಸಿಐಎಸ್‌ಎಫ್ ಸಿಬ್ಬಂದಿಗೆ ತೋರಿಸಿ, ‘ಸರ್, ಒಳಗೆ ಫಿಲ್ಮ್ ರೀಲಿದೆ, ಕೈಯಲ್ಲೇ ಚೆಕ್ ಮಾಡಿ’ ಎಂದು ಕೇಳಿ. ಒಪ್ಪುವುದು ಬಿಡುವುದು ಅವರ ಕೈಯಲ್ಲಿದೆ. ಅಮೆರಿಕದಿಂದಲೋ ದುಬೈನಿಂದಲೋ ನೆಂಟರ ಕೈಲಿ ತರಿಸುವವರು ಇದನ್ನು ಅವರಿಗೆ ಮೊದಲೇ ಹೇಳಿರಬೇಕು.

ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ‘ಮರುತುಂಬಿದ’ ಕ್ಯಾಮೆರಾಗಳ ಬಗ್ಗೆ ಎಚ್ಚರ. ಬಳಸಿದ ಮೈಗೆ ಬೇರೆ ರೀಲು ಹಾಕಿ, ಹೊಸ ಸ್ಟಿಕ್ಕರ್ ಸುತ್ತಿರುತ್ತಾರೆ. ಮೇಲಿನ ತಾರೀಖು ಒಳಗಿನ ಫಿಲ್ಮಿನದಲ್ಲ. ಕೆಲವದರಲ್ಲಿ ಸಿನಿಮಾ ಫಿಲ್ಮ್ ಇರುತ್ತದೆ. ಅದರ ಬೆನ್ನಿಗೆ ಕಪ್ಪು ಇಂಗಾಲದ ಲೇಪವಿದ್ದರೆ ಮಾಮೂಲಿ ಯಂತ್ರಕ್ಕೆ ಹಾಕಿದಾಗ ಲ್ಯಾಬ್‌ನ ರಾಸಾಯನಿಕವೂ, ಹಿಂದೆ ಬಂದ ಬೇರೆಯವರ ರೀಲೂ ಕೆಡುತ್ತವೆ. ಯಾವ ಫಿಲ್ಮ್ ಎಂದು ಮಾರುವವರು ಬರೆದು ಕೊಡದಿದ್ದರೆ ಕೊಳ್ಳಬೇಡಿ. ಎಸೆಯುವ ಪ್ಲಾಸ್ಟಿಕ್ ಕಡಿಮೆಯಾಗಲಿ ಎನ್ನುವವರಿಗೆ ಕೊಡಾಕ್ ಎಂ35ರಂಥ ರೀಲು ಬದಲಿಸುವ ಕ್ಯಾಮೆರಾ ಇದೆ: 31 ಮಿಲಿಮೀಟರ್ ಲೆನ್ಸ್, ಎಫ್/10, 1/120. ಪ್ರತಿ ಸಲ ತಾಜಾ ರೀಲು ಹಾಕಬಹುದು, ಸೆಲ್ ತೆಗೆದಿಡಬಹುದು. ಬಾಳಿಕೆಯ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.

ಇವೆರಡರಲ್ಲಿ ನಮ್ಮ ಆಯ್ಕೆ: ಮದುವೆ ಮನೆಗೆ, ಮಳೆಗಾಲದ ಮಲೆನಾಡಿಗೆ, ಜೋಗದ ಮಂಜಿಗೆ ಫನ್‌ಸೇವರ್. ಆದರೆ ಬಳಸುವ ದಿನಕ್ಕಿಂತ ಎರಡು ತಿಂಗಳಿಗೂ ಮುಂಚೆ ಕೊಳ್ಳಬೇಡಿ, ತಾರೀಖಿಗೆ ಕನಿಷ್ಠ ಒಂದು ವರ್ಷ ಉಳಿದಿರುವುದನ್ನೇ ಆರಿಸಿ. ಬಿಸಿಲು ನಾಡಿನ ಪ್ರವಾಸಕ್ಕೆ, ಯಾರಿಗಾದರೂ ಉಡುಗೊರೆಗೆ ಕ್ವಿಕ್‌ಸ್ನ್ಯಾಪ್. ಉಡುಗೊರೆ ಪಡೆದವರು ಅದನ್ನು ಯಾವಾಗ ಬಿಚ್ಚುತ್ತಾರೋ ಹೇಳಲಾಗದು, 400ರ ಫಿಲ್ಮ್ ಅಷ್ಟು ಕಾಯುತ್ತದೆ.

ಲ್ಯಾಬ್‌ಗೆ ಕೊಡುವಾಗ ಕ್ಯಾಮೆರಾದ ಮೇಲೆ ಹೆಸರು, ಫೋನ್ ಸಂಖ್ಯೆ, ತಾರೀಖು ಎಷ್ಟು ದಾಟಿದೆ ಎಂಬುದನ್ನು ಬರೆದ ಚೀಟಿ ಅಂಟಿಸಿ. ಕಪ್ಪು-ಬಿಳುಪಿನದಾದರೆ ಯಾವ ಮಾದರಿ ಎಂದು ಬಾಯಲ್ಲೂ ಹೇಳಿ. ಇಲ್‌ಫೋರ್ಡ್ ಎಕ್ಸ್‌ಪಿ2 ಆದರೆ ಬಣ್ಣದ ಸಿ-41 ಯಂತ್ರದಲ್ಲೇ ತೊಳೆಯಬಹುದು. ಎಚ್‌ಪಿ5 ಅನ್ನು ಅದೇ ಯಂತ್ರಕ್ಕೆ ಹಾಕಿದರೆ ಬೆಳ್ಳಿಯೆಲ್ಲ ತೊಳೆದು ಹೋಗಿ ಗಾಜಿನಂಥ ಖಾಲಿ ಪಟ್ಟಿ ಕೈಗೆ ಬರುತ್ತದೆ. ಕೊರಿಯರ್ ಮಾಡುವುದಾದರೆ ಪೊಟ್ಟಣದ ಮೇಲೆ ‘ತೊಳೆಯದ ಫಿಲ್ಮ್, ಎಕ್ಸ್-ರೇ ಬೇಡ’ ಎಂದು ದಪ್ಪಕ್ಷರದಲ್ಲಿ ಇಂಗ್ಲಿಷಿನಲ್ಲೂ ಬರೆಯಿರಿ. ಸ್ಕ್ಯಾನ್ ಕಳಿಸಿ ನೆಗೆಟಿವ್ ಎಸೆಯುವ ಲ್ಯಾಬ್‌ಗಳಿವೆ, ಆದ್ದರಿಂದ ‘ನೆಗೆಟಿವ್ ವಾಪಸ್ ಬೇಕು, ಆರಾರು ಫೋಟೊದ ಪಟ್ಟಿಯಾಗಿ ಕತ್ತರಿಸಿ ಕವರ್‌ಗೆ ಹಾಕಿ ಕೊಡಿ’ ಎಂದು ಹಣ ಕೊಡುವ ಮೊದಲೇ ಹೇಳಿ. ಅದು ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು, ಅಂಚಿನಲ್ಲಿ ಅಕ್ಷರ-ಅಂಕಿಗಳು ಸ್ಪಷ್ಟವಾಗಿವೆಯೇ ನೋಡಿ. ಅಂಚಿನ ಅಕ್ಷರ ಚೊಕ್ಕವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ನೀವು ತೆಗೆದಾಗ ಬೆಳಕು ಸಾಲಲಿಲ್ಲ. ಅಕ್ಷರವೂ ಮಂಕು, ಇಡೀ ಪಟ್ಟಿಯೂ ಮಂಕಾಗಿದ್ದರೆ ಫಿಲ್ಮ್ ಹಳತಾಗಿತ್ತು ಅಥವಾ ಬಿಸಿ ಕಂಡಿತ್ತು.